ಹೂಂಗುಟ್ಟಪ್ಪ

ಅವತ್ತು ಬೆಳಿಗ್ಗೆ ಕಿವಿ ತೆರೆಯಲೇ ಇಲ್ಲ.

ಕಿವಿ ಅಂದರೆ ಯಾರ ಕಿವಿಯೂ ಅಲ್ಲ, ಕಂಪ್ಯೂಟರಿನದು. ಮನೆಯಲ್ಲಿ ಮಲಗಿರುವ ರೋಗಿಗಳಿಗೆ ಆಕ್ಸಿಜನ್ ಸಿಲಿಂಡರ್ ತಲುಪಿಸುವ ಕಂಪನಿ ಅದು. ಮನೆಯವರು ಮೊಬೈಲಿನಲ್ಲೋ ಫೋನ್ ಮಾಡಿಯೋ ಸಿಲಿಂಡರ್ ಬುಕ್ ಮಾಡುತ್ತಾರೆ. ಆ ಬುಕಿಂಗ್ ಒಂದು ಸಂದೇಶವಾಗಿ ಓಡಿಬಂದು ಈ ಆಫೀಸಿನ ಯಂತ್ರದ ಬಾಗಿಲು ತಟ್ಟುತ್ತದೆ. ಬಾಗಿಲ ಹಿಂದೆ ಹಗಲೂ ರಾತ್ರಿ ಕಾದು ಕೂತ ಒಂದು ಪ್ರೋಗ್ರಾಂ ಅದನ್ನು ಕೇಳಿಸಿಕೊಂಡು, 'ಹೂಂ, ಸಿಕ್ಕಿತು' ಎಂದು ತಿಳಿಸಿ, ಹತ್ತಿರದ ಗೋದಾಮಿಗೆ ದಾಟಿಸುತ್ತದೆ. ಕಲಿತವರ ಬಾಯಲ್ಲಿ ಅದು ಲಿಸನರ್. ದೊಡ್ಡಣ್ಣ ಒಂದು ಸಲ ಕಿವಿ ಅಂದರು, ಆಫೀಸಿಗೆಲ್ಲ ಅದು ಕಿವಿಯೇ ಆಯಿತು.

ಹೆಸರಿಡುವುದರಲ್ಲಿ ದೊಡ್ಡಣ್ಣನದು ಎತ್ತಿದ ಕೈ. ಆ ಯಂತ್ರಗಳನ್ನು ನೋಡಿಕೊಳ್ಳುವವರಲ್ಲಿ ಅವರೇ ಹಿರಿಯರು. ಅದೇ ಕೆಲಸಕ್ಕೆ ಹೊಸದಾಗಿ ಬಂದ ಒಬ್ಬಳಿಗೆ ಸೇರಿದ ದಿನ ಕುರ್ಚಿ ಎಳೆದುಕೊಟ್ಟು, "ಬಾ ತಂಗಿ, ಕೂತ್ಕೋ, ಇಲ್ಲಿ ಯಾವುದೂ ಕಚ್ಚಲ್ಲ" ಅಂದಿದ್ದರು. ಅವತ್ತಿನಿಂದ ಅವಳು ಎಲ್ಲರಿಗೂ ತಂಗಿ. ಅವಳಿಗಿಂತ ಎಷ್ಟೋ ಚಿಕ್ಕವರೂ "ತಂಗೀ, ಕಾಫಿಗೆ ಬರ್ತೀರಾ?" ಎಂದು ಕೇಳುವರು. ಮೇಲಿನ ಅಧಿಕಾರಿಗೆ ಎಷ್ಟೊತ್ತು ಸಾಹೇಬರು ಎಂದು ಹೆಸರಿಟ್ಟವರೂ ದೊಡ್ಡಣ್ಣನೇ. ಯಂತ್ರ ಕೆಡಲಿ, ಲಿಫ್ಟ್ ನಿಲ್ಲಲಿ, ಯಾರಿಗಾದರೂ ಮಗು ಹುಟ್ಟುವುದಿರಲಿ, ಆ ಮನುಷ್ಯನ ಬಾಯಿಂದ ಬರುತ್ತಿದ್ದ ಪ್ರಶ್ನೆ ಒಂದೇ: "ಎಷ್ಟೊತ್ತು?"

ಅವತ್ತು ಮೊದಲು ಗೊತ್ತಾದದ್ದು ಫೋನಕ್ಕನಿಗೆ. ಗಿರಾಕಿಗಳ ಕರೆ ತೆಗೆದುಕೊಳ್ಳುವ ಮೇಜು ಅವಳದು; ತಲೆಗೆ ಸಿಕ್ಕಿಸಿದ ಹೆಡ್‌ಫೋನಿನ ಒಂದು ಬಟ್ಟಲು ಕಿವಿಯ ಮೇಲೆ, ಇನ್ನೊಂದು ಕೂದಲ ಮೇಲೆ. ಒಂದು ಕಿವಿಯಿಂದ ಊರ ಕಷ್ಟ, ಇನ್ನೊಂದರಿಂದ ಆಫೀಸಿನ ಸುದ್ದಿ, ಎರಡನ್ನೂ ಬಿಡುವವಳಲ್ಲ. ತಂಗಿ ಇನ್ನೂ ಚೀಲ ಇಳಿಸಿರಲಿಲ್ಲ, ಅಷ್ಟರಲ್ಲಿ ಕೂಗಿದಳು.

"ತಂಗೀ! ಗೋದಾಮಿನೋನು ಕೇಳ್ತಿದಾನೆ, ಬೆಳಿಗ್ಗೆಯಿಂದ ಒಂದು ಆರ್ಡರೂ ಬಂದಿಲ್ಲ, ಊರಿಗೂರೇ ಹುಷಾರಾಗಿಬಿಟ್ಟಿದೆಯಾ ಅಂತ. ಗಾಡಿ ನಿಲ್ಲಿಸ್ಕೊಂಡು ಡ್ರೈವರುಗಳೆಲ್ಲ ಇಸ್ಪೀಟಾಡ್ತಿದಾರಂತೆ."

ದೊಡ್ಡಣ್ಣ ಆಗಲೇ ತಮ್ಮ ಪರದೆಯ ಮುಂದೆ ಬಗ್ಗಿ ಕೂತಿದ್ದರು. ಹಿಂದಿನ ದಿನ ಮಧ್ಯಾಹ್ನ ಸಂದೇಶ ಸಾಗಿಸುವ ಆ ಇಡೀ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದವರು ಅವರು. ಕಿವಿಯನ್ನು ನಿಲ್ಲಿಸಿ, ಹಳೆಯದನ್ನು ತೆಗೆದು, ಹೊಸದನ್ನು ಹಾಕಿ, ಸಂಜೆ ಮತ್ತೆ ಕಿವಿ ಶುರು ಮಾಡುವ ಆಜ್ಞೆ ಕೊಟ್ಟು ಮನೆಗೆ ಹೋಗಿದ್ದರು.

"ನೋಡು ತಂಗಿ," ಎಂದು ಕನ್ನಡಕ ಹಣೆಗೇರಿಸಿದರು. "ಶುರು ಮಾಡಪ್ಪಾ ಅಂತೀನಿ. 'ವಿನಂತಿ ಸ್ವೀಕರಿಸಲಾಗಿದೆ' ಅನ್ನುತ್ತೆ. ಆಯ್ತಲ್ಲ ಅಂತ ಹೋಗಿ ನೋಡಿದ್ರೆ ನಿಂತೇ ಇದೆ. ನಿನ್ನೆ ಸಂಜೆನೂ ಹಿಂಗೇ ಅಂದಿತ್ತು. ಇನ್ನೊಂದು ಸಲ ನೋಡ್ದೆ ನಂಬ್ಕೊಂಡು ಹೋದೆ. ಸರಕಾರಿ ಕಚೇರಿ ಗುಮಾಸ್ತನ ಹಂಗೆ, ಅರ್ಜಿ ತಗೊಳ್ಳುತ್ತೆ, ಕೆಲಸ ಮಾಡಲ್ಲ."

ಅವಳು ಕುರ್ಚಿ ಎಳೆದುಕೊಂಡು ಪಕ್ಕ ಕೂತಳು. ಇಬ್ಬರೂ ಸೇರಿ ದೋಷಗಳ ದಾಖಲೆ ತೆಗೆದು ಓದಿದರು. ಅದರಲ್ಲಿದ್ದ ಮಾತಿನ ತಾತ್ಪರ್ಯ ಇಷ್ಟೆ: ನಾನು ಕೂರಬೇಕಾದ ಬಾಗಿಲಲ್ಲಿ ಆಗಲೇ ಬೇರೆ ಯಾರೋ ಕೂತಿದ್ದಾರೆ.

"ಯಾರಿರಬಹುದು?" ಅಂದಳು.

"ಅದೇ ಗೊತ್ತಾಗ್ತಿಲ್ಲ. ಬಾಗಿಲು ತುಂಬಿದೆ ಅಂತ ಮಾತ್ರ ತೋರಿಸುತ್ತೆ, ತುಂಬಿರೋನ ಮುಖ ನೋಡೋ ಅಧಿಕಾರ ನಂಗಿಲ್ಲ. ಸರ್ವರ್ ರೂಮಿನೋನಿಗಿದೆ. ಅವನು ಇನ್ನೂ ದಾರಿಯಲ್ಲಿದಾನೆ, ಫೋನ್ ಎತ್ತಲ್ಲ."

ಅಷ್ಟರಲ್ಲಿ ಎಷ್ಟೊತ್ತು ಸಾಹೇಬರು ಬಂದು ಹಿಂದೆ ನಿಂತರು. ಏನು ಕೇಳಿದರು ಅಂತ ಹೇಳಬೇಕಾಗಿಲ್ಲ.

"ನೋಡ್ತಿದೀವಿ ಸರ್," ಅಂದರು ದೊಡ್ಡಣ್ಣ.

"ನೋಡೋದೇನಿದೆ? ನಿನ್ನೆ ಹಳೇ ಕಿವಿನ ಸರಿಯಾಗಿ ನಿಲ್ಲಿಸಿಲ್ಲ ನೀವು. ಅದೇ ಅರ್ಧ ಜೀವ ಹಿಡ್ಕೊಂಡು ಅಲ್ಲಿ ಕೂತಿದೆ. ಹೊಸದಕ್ಕೆ ಜಾಗ ಎಲ್ಲಿಂದ ಬರಬೇಕು?"

"ನಿಲ್ಲಿಸಿದ್ದೆ ಸರ್. ನಿಂತಿದೆ ಅಂತ ನೋಡಿನೂ ಇದ್ದೆ." ದೊಡ್ಡಣ್ಣನ ದನಿಯಲ್ಲಿ ಗಟ್ಟಿತನ ಇರಲಿಲ್ಲ. ಸಂಜೆ ಒಂದು ಸಲ ನಂಬಿ ಕೆಟ್ಟವರಿಗೆ ಈಗ ತಮ್ಮ ಕಣ್ಣಿನ ಮೇಲೇ ಅನುಮಾನ. "ಆದ್ರೆ ಒಂದು ಅರ್ಥ ಆಗ್ತಿಲ್ಲ ನೋಡಿ. ಕಿವಿ ನಿಂತ್ರೆ ಅಲಾರಾಂ ನಮ್ಮೆಲ್ಲರ ಮೊಬೈಲಲ್ಲೂ ಬಡ್ಕೊಂಡು ಸಾಯಬೇಕು. ರಾತ್ರಿಯೆಲ್ಲ ಅದು ಉಸಿರೇ ಎತ್ತಿಲ್ಲ."

ತಂಗಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಅವಳ ಮೊಬೈಲ್ ರಿಂಗಾಯಿತು, ಅಮ್ಮ. ಕತ್ತರಿಸಿದಳು. ಮತ್ತೆ ರಿಂಗಾಯಿತು. ಅವಳ ಅಮ್ಮ ಕತ್ತರಿಸಿದರೆ ಸುಮ್ಮನಾಗುವ ಜಾತಿಯವಳಲ್ಲ. ಮೂಲೆಯಲ್ಲಿದ್ದ ಪ್ರಿಂಟರಿನ ಹತ್ತಿರ ಹೋಗಿ, "ಅಮ್ಮಾ, ಆಮೇಲೆ ಮಾಡ್ತೀನಿ, ಇಲ್ಲಿ ಬೆಂಕಿ ಬಿದ್ದಿದೆ" ಅಂದಳು.

"ನೀ ಎಲ್ಲಿದೀಯೇ? ಬಸ್ ಸ್ಟ್ಯಾಂಡಲ್ಲಿ ಎಷ್ಟು ಹೊತ್ತಿಂದ ನಿಂತಿದೀನಿ, ಕಾಲು ಕೊರಡಾಗಿದೆ."

"ಯಾವ ಬಸ್ ಸ್ಟ್ಯಾಂಡು?"

"ಯಾವ ಬಸ್ ಸ್ಟ್ಯಾಂಡು ಅಂತೆ! ನಿಮ್ಮೂರ ಬಸ್ ಸ್ಟ್ಯಾಂಡೇ! ನಿನ್ನೆ ಸಂಜೆ ಅಷ್ಟೊಂದು ಹೇಳಿದೆನಲ್ಲ, ನಿಮ್ಮಕ್ಕನ ಮನೆಯಿಂದ ಮುಂಜಾನೆ ಬಸ್ಸಿಗೆ ಹೊರಡ್ತೀನಿ, ಎರಡು ಚೀಲ ಇದೆ, ಬಂದು ಕರ್ಕೊಂಡು ಹೋಗು ಅಂತ. ಮಗುವಿನ ಹಲ್ಲು ಬಿದ್ದಿದ್ದು ಹೇಳಿದೆ. ಎಲ್ಲಕ್ಕೂ ಹೂಂ ಅಂದೆ."

"ನಾನಾ?"

"ಮತ್ತಿನ್ಯಾರು, ಗೋಡೆನಾ? ಹೂಂ ಅಂದೆ, ಹೂಂ ಅಂದೆ, ಹೂಂ ಹೂಂ ಅಂತ ಎರಡು ಸಲ ಅಂದೆ. ಕೇಳಿಸ್ಕೊಂಡಿದಾಳೆ ಅಂತ ನಾನು ನಂಬ್ಕೊಂಡು ಬಂದೆ. ಕೇಳದೆ ಇದ್ದೋಳು ಯಾಕೆ ಹೂಂ ಅನ್ನಬೇಕಿತ್ತು? ಸುಮ್ಮನಿದ್ದಿದ್ರೆ ಮತ್ತೊಂದು ಸಲ ಹೇಳ್ತಿದ್ದೆ."

ಆ ಮಾತು ತಂಗಿಗೆ ತಟ್ಟಿತು. ಅಮ್ಮನಿಗಾಗಿ ಅಲ್ಲ, ಅಮ್ಮನ ಪಾಳಿ ಆಮೇಲೆ ಬಂತು. ಅವಳಿಗೆ ಹಿಂದಿನ ಸಂಜೆ ನೆನಪಾಯಿತು, ಪೂರ್ತಿಯಾಗಿ, ಬೆಳಕು ಹಾಕಿದ ಕೋಣೆಯ ಹಾಗೆ.

ನಿನ್ನೆ ದೊಡ್ಡಣ್ಣ ಕಿವಿ ನಿಲ್ಲಿಸಿ ಹೊಸದನ್ನು ಹಾಕುತ್ತಿದ್ದಾಗ, ಬುಕಿಂಗ್ ಕಡೆಯ ಯಂತ್ರ ಬಾಗಿಲು ತಟ್ಟಿ ತಟ್ಟಿ, ಯಾರೂ ಓಗೊಡುತ್ತಿಲ್ಲವೆಂದು ಅಲಾರಾಂ ಬಾರಿಸುತ್ತಿತ್ತು. ತಂಗಿಯ ಮೊಬೈಲು ಮೇಜಿನ ಮೇಲೆ ಜಿರಲೆಯ ಹಾಗೆ ಗುಂಯ್‌ಗುಟ್ಟುತ್ತ ಹರಿದಾಡುತ್ತಿತ್ತು. ಅದರ ನಡುವೆಯೇ ಅಮ್ಮನ ಫೋನು. ತಲೆ ಚಿಟ್ಟು ಹಿಡಿಯಿತು. ಅಲಾರಾಂ ಬಾಯಿ ಮುಚ್ಚಿಸಲು ಅವಳಿಗೆ ಒಂದು ಸುಲಭದ ದಾರಿ ಕಂಡಿತು: ಹೂಂಗುಟ್ಟಪ್ಪ.

ಹೂಂಗುಟ್ಟಪ್ಪ ಅವಳೇ ಬರೆದ ಪುಟ್ಟ ಪ್ರೋಗ್ರಾಂ. ಪರೀಕ್ಷೆ ಮಾಡುವಾಗ ಉಪಯೋಗಕ್ಕೆಂದು ಬರೆದದ್ದು. ಯಾವ ಬಾಗಿಲಲ್ಲಿ ಕೂರಿಸಿದರೂ ಕೂರುತ್ತದೆ; ಯಾರು ಏನು ಹೇಳಿದರೂ 'ಹೂಂ, ಸಿಕ್ಕಿತು' ಅನ್ನುತ್ತದೆ; ಹೇಳಿದ್ದನ್ನು ಹಾಗೇ ಎಸೆದುಬಿಡುತ್ತದೆ. ಒಳಗೆ ಏನೂ ಇಲ್ಲ. ಹೆಸರು ಕೇಳಿ ದೊಡ್ಡಣ್ಣ ಹೊಟ್ಟೆ ಹಿಡಿದು ನಕ್ಕು, "ಹೆಸರಿಡೋದ್ರಲ್ಲಿ ನನ್ನನ್ನೂ ಮೀರಿಸಿದೆ ನೋಡು. ನಮ್ಮ ಭಾವಮೈದನಿಗೂ ಇದೇ ಹೆಸರಿಡಬಹುದು" ಅಂದಿದ್ದರು.

ಅದನ್ನು ನಿನ್ನೆ ಅವಳು ಅಸಲಿ ಯಂತ್ರದ ಅಸಲಿ ಬಾಗಿಲಲ್ಲಿ ತಂದು ಕೂರಿಸಿದ್ದಳು. ಸ್ವಲ್ಪ ಹೊತ್ತಿಗೆ ತಾನೆ, ದೊಡ್ಡಣ್ಣನ ಕೆಲಸ ಮುಗಿಯುವ ಮೊದಲೇ ಎಬ್ಬಿಸಿದರಾಯಿತು ಅಂತ. ಅಲಾರಾಂ ತಣ್ಣಗಾಯಿತು. ಅವಳು ಭುಜಕ್ಕೂ ಕಿವಿಗೂ ನಡುವೆ ಅಮ್ಮನನ್ನು ಸಿಕ್ಕಿಸಿಕೊಂಡು ಹೂಂ ಹೂಂ ಅನ್ನುತ್ತ ಪರದೆ ಮುಚ್ಚಿ, ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಿದ್ದಳು. ಪರದೆ ಮುಚ್ಚಿದರೂ ಹೂಂಗುಟ್ಟಪ್ಪ ಏಳದ ಹಾಗೆ ಬರೆದವಳೂ ಅವಳೇ.

ಅಂದರೆ ನಿನ್ನೆ ಸಂಜೆಯಿಂದ ಜನ ಬುಕ್ ಮಾಡಿದ ಸಿಲಿಂಡರುಗಳಿಗೆಲ್ಲ ಅವನು ಹೂಂ ಅಂದಿದ್ದಾನೆ. ಹೂಂ ಬಂದ ಕೂಡಲೇ ಬುಕಿಂಗ್ ಕಡೆಯ ಯಂತ್ರ ತನ್ನ ಕೈಯಲ್ಲಿದ್ದ ಸಂದೇಶ ಅಳಿಸಿ, ಮನೆಯವರಿಗೆ 'ನಿಮ್ಮ ಬೇಡಿಕೆ ತಲುಪಿದೆ' ಎಂದು ಮೊಬೈಲಿಗೆ ಹೇಳಿದೆ. ಮನೆಯವರು ನಿಶ್ಚಿಂತೆಯಿಂದ ಮಲಗಿದ್ದಾರೆ.

"ಕೇಳ್ತಿದೀಯೇನೇ?" ಅಂದಳು ಅಮ್ಮ.

"ಹೂಂ," ಅಂದಳು ತಂಗಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. "ಅಲ್ಲೇ ಕೂತಿರು ಅಮ್ಮಾ. ಬರ್ತೀನಿ."

ತನ್ನ ಮೇಜಿಗೆ ಬಂದು ಕೂತಳು. ತನ್ನ ಹೆಸರಿನಲ್ಲಿ ಆ ಯಂತ್ರದಲ್ಲಿ ಏನೇನು ಓಡುತ್ತಿದೆ ಎಂದು ನೋಡಿದಳು. ಇದ್ದ. ಅಲ್ಲೇ, ಆ ಬಾಗಿಲಲ್ಲೇ, ಅವಳ ಹೆಸರು ಹೊತ್ತು, ಈ ಕ್ಷಣವೂ ಯಾರಿಗೋ ಹೂಂ ಅನ್ನುತ್ತ.

ಈಗ ಎದ್ದು ನಿಂತು ಹೇಳಿಬಿಡಬೇಕು ಅಂದುಕೊಂಡಳು. ಮೇಜುಗಳ ಸಾಲಿನಾಚೆ ದೊಡ್ಡಣ್ಣನ ಬಕ್ಕತಲೆ ಕಾಣುತ್ತಿತ್ತು. ಸಾಹೇಬರು ಅವರ ಹಿಂದೆ ಕೈಕಟ್ಟಿ ನಿಂತಿದ್ದರು. ಮೊದಲು ಇವನನ್ನು ಎಬ್ಬಿಸೋಣ, ಕಿವಿ ತೆರೆಯಲಿ, ಆಮೇಲೆ ಹೇಳಿದರಾಯಿತು, ಕೆಲಸ ಮುಖ್ಯ ತಾನೆ, ಅಂತ ಮನಸ್ಸು ಪಿಸುಗುಟ್ಟಿತು. ಆ ಮಾತು ನ್ಯಾಯವಾಗಿಯೇ ಕೇಳಿಸಿತು. ಬೆರಳು ಎರಡು ಸಲ ಕುಟ್ಟಿತು, ಹೂಂಗುಟ್ಟಪ್ಪ ಇಲ್ಲವಾದ. ಯಾರಿಗೂ ಏನೂ ಗೊತ್ತಾಗಲಿಲ್ಲ.

"ದೊಡ್ಡಣ್ಣಾ, ಇನ್ನೊಂದು ಸಲ ಶುರು ಮಾಡಿ ನೋಡಿ," ಅಂದಳು. ದನಿ ತನ್ನದಲ್ಲ ಅನಿಸಿತು.

"ಎಷ್ಟು ಸಲ ಮಾಡೋದು ತಂಗಿ, ಅದೇ ಮೂತಿ..." ಅನ್ನುತ್ತಲೇ ಒತ್ತಿದರು. ತಡೆದರು. ಕನ್ನಡಕ ಕೆಳಗಿಳಿಸಿದರು. "ಅಯ್ಯಯ್ಯೋ! ತೆರೀತು! ಕಿವಿ ತೆರೀತು ಕಣ್ರೋ!"

ಫೋನಕ್ಕ ಚಪ್ಪಾಳೆ ತಟ್ಟಿದಳು. ಯಾರೋ ಸಿಳ್ಳೆ ಹಾಕಿದರು. ದೊಡ್ಡಣ್ಣ ತಿರುಗಿ ತಂಗಿಯ ಕಡೆ ನೋಡಿ, "ನಿನ್ನ ಬಾಯಿಗೆ ಸಕ್ಕರೆ ಹಾಕ" ಅಂದರು. ಅವಳು ಪರದೆಯ ಹಿಂದೆ ಮುಖ ತಗ್ಗಿಸಿದಳು.

"ಹಳೇದು ಕೊನೆಗೂ ಸತ್ತಿದೆ, ಅಷ್ಟೆ," ಅಂದರು ಸಾಹೇಬರು. "ನಾನು ಮೊದಲೇ ಹೇಳಲಿಲ್ವಾ? ನೋಡಿ ದೊಡ್ಡಣ್ಣ, ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳು ಎಲ್ಲಾ ಗೋದಾಮುಗಳ ಯಂತ್ರ ಬದಲಾಯಿಸೋದಿದೆಯಲ್ಲ, ಅದನ್ನ ಬೇರೆಯವರು ಮಾಡಲಿ. ನೀವು ಪಕ್ಕದಲ್ಲಿರಿ, ಸಲಹೆ ಕೊಡಿ."

ವರ್ಷವಿಡೀ ದೊಡ್ಡಣ್ಣ ಆ ಕೆಲಸಕ್ಕೆ ತಯಾರಿ ನಡೆಸಿದ್ದರು. ಊಟದ ಹೊತ್ತಿನಲ್ಲೂ ಅದರದೇ ಮಾತು. ಡಬ್ಬಿಯ ಮುಚ್ಚಳವನ್ನು ಗೋದಾಮು ಮಾಡಿ, ಚಮಚವನ್ನು ಗಾಡಿ ಮಾಡಿ ತೋರಿಸುತ್ತಿದ್ದರು. ಈಗ ಅವರು ಪರದೆಯ ಕಡೆಗೇ ನೋಡುತ್ತ ಅಂದರು: "ಆಯ್ತು ಸರ್. ನಂದೇ ಏನೋ ತಪ್ಪಿರಬೇಕು. ವಯಸ್ಸಾಯ್ತು ನೋಡಿ, ನಿಲ್ಲಿಸಿದೆನೋ ನಿಲ್ಲಿಸಿದೆ ಅಂದ್ಕೊಂಡೆನೋ."

ಈಗ ಹೇಳಬೇಕು, ಈಗ. ತಂಗಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಳು. ಸಾಹೇಬರು ಆಗಲೇ ಬಾಗಿಲ ಕಡೆ ಹೊರಟಿದ್ದರು. ಅವರು ಹೋಗಲಿ, ದೊಡ್ಡಣ್ಣನಿಗೆ ಒಬ್ಬರಿಗೇ ಹೇಳೋಣ ಅಂದುಕೊಂಡಳು. ಸಾಹೇಬರು ಹೋದರು. ಹೇಳಲಿಲ್ಲ.

ದೊಡ್ಡಣ್ಣ ಪರದೆಯಿಂದ ಕಣ್ಣು ಕೀಳದೆ ಕೂತಿದ್ದರು. ಮುಖದಲ್ಲಿ ಸಂತೋಷ ಇರಲಿಲ್ಲ.

"ತಂಗಿ, ಮಳೆ ಎಲ್ಲಿ?"

"ಏನು?"

"ಕಿವಿ ರಾತ್ರಿಯೆಲ್ಲ ಮುಚ್ಚಿತ್ತು ಅಂದ್ರೆ ಆರ್ಡರೆಲ್ಲ ಆಚೆ ಕಡೆ ಗುಡ್ಡೆ ಬಿದ್ದಿರಬೇಕಲ್ವಾ? ತೆರೆದ ತಕ್ಷಣ ದಬದಬ ಸುರೀಬೇಕು. ಇಲ್ಲಿ ನೋಡು, ಒಂದು ಬಂತು, ಇನ್ನೊಂದು ಬಂತು. ಈಗ ಬುಕ್ ಮಾಡಿದ್ದು ಮಾತ್ರ. ರಾತ್ರೀದು ಎಲ್ಲಿ ಹೋಯ್ತು?"

ಅವಳ ನಾಲಿಗೆ ತಾನಾಗಿ ಮಾತಾಡಿತು. "ನಿನ್ನೆ ಜನ ಕಡಿಮೆ ಬುಕ್ ಮಾಡಿರಬಹುದು ದೊಡ್ಡಣ್ಣ."

ಅವರು ಅವಳ ಮುಖ ನೋಡಿದರು. ಆ ನೋಟದಲ್ಲಿ ಅನುಮಾನ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಹೂಂ," ಅಂದರು. "ಇರಬಹುದು. ನೀ ಹೇಳಿದ ಮೇಲೆ ಇರಬಹುದು." ಎಂದು ಪರದೆಗೆ ತಿರುಗಿದರು.

ಹೂಂಗುಟ್ಟಪ್ಪನನ್ನು ಕೂರಿಸಿದ್ದು ಅವಸರ. ಎಬ್ಬಿಸದೆ ಹೋದದ್ದು ಮರೆವು. ಈ ಮಾತಿಗೆ ಅಂಥ ಹೆಸರು ಯಾವುದೂ ಸಿಗಲಿಲ್ಲ. ಬುಕಿಂಗ್ ಕಡೆಯವರೇ ಲೆಕ್ಕ ತಾಳೆ ನೋಡುವಾಗ ಕಂಡುಹಿಡಿದಾರು, ಅವರೇ ಮತ್ತೆ ಕಳಿಸಿಯಾರು, ಅಂತ ತನಗೆ ತಾನೇ ಹೇಳಿಕೊಂಡಳು. ಅವರು ತಾಳೆ ನೋಡುವುದು ವಾರಕ್ಕೊಮ್ಮೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಿಲಿಂಡರ್ ವಾರ ಕಾಯುವುದಿಲ್ಲ ಅಂತಲೂ.

ಆಗ ಫೋನಕ್ಕನ ದನಿ ಎದ್ದಿತು.

"ಇಲ್ಲಮ್ಮಾ, ನಿಮ್ಮ ಹೆಸರಲ್ಲಿ ಆರ್ಡರೇ ಇಲ್ಲ... ಮೆಸೇಜ್ ಬಂದಿದೆಯಾ? ಏನಂತ ಬಂದಿದೆ ಓದಿ... 'ತಲುಪಿದೆ'... ನಿನ್ನೆ ಸಂಜೆ... ಸ್ವಲ್ಪ ತಡೀರಿ." ಹೆಡ್‌ಫೋನಿನ ಮೈಕಿಗೆ ಕೈ ಅಡ್ಡ ಹಿಡಿದು ಕೂಗಿದಳು. "ದೊಡ್ಡಣ್ಣಾ, ಇದು ಮೂರನೇದು! ಎಲ್ಲರ ಹತ್ರನೂ ಮೆಸೇಜ್ ಇದೆ, ನಮ್ಮ ಹತ್ರ ಆರ್ಡರ್ ಇಲ್ಲ. ಮೊದಲನೇ ಮನೆಯವರು ಕಾದು ಕಾದು ರೋಗೀನ ಆಸ್ಪತ್ರೆಗೇ ಎತ್ಕೊಂಡು ಹೋದ್ರಂತೆ. ಈಗ ಪರವಾಗಿಲ್ವಂತೆ, ಆದ್ರೆ ನಂಗೆ ಬೈದಿದ್ದು ಕೇಳಿದ್ರೆ ನಿಮ್ಮ ಕಿವಿನೂ ಮುಚ್ಕೊಳ್ತಿತ್ತು. ಈ ಅಜ್ಜಿ ಬೈತಾನೂ ಇಲ್ಲ. ಸಿಲಿಂಡರ್ ಮೀಟರಿನ ಮುಳ್ಳು ಕೆಂಪಿಗೆ ಬಂದಿದೆಯಂತೆ. 'ನೀವು ತಲುಪಿದೆ ಅಂದಿರಲ್ಲಮ್ಮ, ಬಂದೇ ಬರುತ್ತೆ ಅಂತ ಬೇರೆ ಕಡೆ ಹೇಳಲಿಲ್ಲ' ಅಂತಾರೆ."

ತಂಗಿ ಯಾವಾಗ ಎದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಕುರ್ಚಿ ಹಿಂದಕ್ಕೆ ಜಾರಿ ಗೋಡೆಗೆ ಬಡಿಯಿತು.

"ಆರ್ಡರುಗಳನ್ನ ನಾನು ತಿಂದೆ," ಅಂದಳು.

ಆಫೀಸು ಅವಳ ಕಡೆ ತಿರುಗಿತು. ಒಬ್ಬ ಹುಡುಗ ನಕ್ಕ, ತಮಾಷೆ ಅಂದುಕೊಂಡು.

"ಅಲ್ಲಿ ಕೂತಿದ್ದು ಹಳೇ ಕಿವಿ ಅಲ್ಲ. ನನ್ನ ಹೂಂಗುಟ್ಟಪ್ಪ. ನಿನ್ನೆ ಅಲಾರಾಂ ತಡೀಲಾರದೆ ನಾನೇ ಕೂರಿಸಿದ್ದೆ, ಎಬ್ಬಿಸೋದು ಮರೆತೆ. ಈಗ ಸ್ವಲ್ಪ ಹೊತ್ತಿನ ಮುಂಚೆ ಕಳ್ಳತನದಲ್ಲಿ ಎಬ್ಬಿಸಿದೆ. ಅಷ್ಟೂ ಹೊತ್ತು ಬಂದಿದ್ದಕ್ಕೆಲ್ಲ ಅದು ಹೂಂ ಅಂದು ಎಸೆದಿದೆ. ದೊಡ್ಡಣ್ಣ ಕಿವಿ ಸರಿಯಾಗೇ ನಿಲ್ಲಿಸಿದ್ರು. ಅವರದ್ದೇನೂ ತಪ್ಪಿಲ್ಲ." ಒಂದೇ ಉಸಿರಿಗೆ ಹೇಳಿದಳು. ಹೇಳಿದ ಮೇಲೆ ಹಗುರಾಗುತ್ತದೆ ಅಂತ ಕೇಳಿದ್ದಳು. ಹಗುರೇನೂ ಆಗಲಿಲ್ಲ.

ಗಲಾಟೆ ಕೇಳಿ ಸಾಹೇಬರು ಬಾಗಿಲಲ್ಲಿ ಬಂದು ನಿಂತಿದ್ದರು. ಬೈಯುತ್ತಾರೆ ಅಂತ ಎಲ್ಲರೂ ಕಾದರು. ಅವರು ಕೇಳಿದ್ದು ಅದೇ.

"ಎಷ್ಟೊತ್ತು?"

ಹುಟ್ಟಿದಂದಿನಿಂದ ಆ ಮನುಷ್ಯ ಅದೊಂದೇ ಪ್ರಶ್ನೆ ಕೇಳಿಕೊಂಡು ಬಂದದ್ದು ಈ ದಿನಕ್ಕೇ ಇರಬೇಕು. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಹೂಂಗುಟ್ಟಪ್ಪ ಕೂತಿದ್ದ ಅಂತ ತಿಳಿದರೆ, ಅಷ್ಟು ಹೊತ್ತಿನ ಬುಕಿಂಗುಗಳನ್ನು ಆಚೆ ಕಡೆಯವರು ತಮ್ಮ ಮೂಲ ದಾಖಲೆಯಿಂದ ಮತ್ತೆ ಕಳಿಸಬಹುದು. ತಂಗಿ ಮೊಬೈಲ್ ತೆಗೆದು ನೋಡಿದಳು. ಎಬ್ಬಿಸಿದ ಹೊತ್ತು ಗೊತ್ತಿತ್ತು. ಕೂರಿಸಿದ್ದು ಅಮ್ಮನ ಕರೆ ನಡೆಯುವಾಗ. ಅಮ್ಮನ ಕರೆಯ ಹೊತ್ತು ಅಲ್ಲೇ ಇತ್ತು, ಪಕ್ಕದಲ್ಲಿ ಅಮ್ಮನ ಚಿತ್ರ, ನಗುತ್ತಾ.

ಅವಳು ಹೊತ್ತು ಹೇಳಿದಳು. ಸಾಹೇಬರು ಬುಕಿಂಗ್ ಕಡೆಯವರಿಗೆ ತಾವೇ ಫೋನ್ ಮಾಡಿದರು. "ಎರಡು ಸಲ ಹೋದ್ರೂ ಪರವಾಗಿಲ್ಲ, ಒಂದೂ ಬಿಟ್ಟು ಹೋಗಬಾರದು," ಅಂದರು. ಆಮೇಲೆ ದೊಡ್ಡಣ್ಣನ ಪರದೆಯ ಮೇಲೆ ಮಳೆ ಬಂತು. ಸಾಲಿನ ಮೇಲೆ ಸಾಲು, ಓದುವಷ್ಟರಲ್ಲಿ ಮೇಲೆ ಸರಿದು ಮಾಯ. ಒಂದೊಂದು ಸಾಲೂ ಒಂದೊಂದು ಮನೆ, ಒಂದು ಮಂಚ, ರಾತ್ರಿಯೆಲ್ಲ ಮೊಬೈಲಿನ ಮೆಸೇಜು ನಂಬಿಕೊಂಡು ಮಲಗಿದ ಯಾರೋ. ತಂಗಿಗೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

ಗೋದಾಮುಗಳಲ್ಲಿ ಇಸ್ಪೀಟು ಬಿಟ್ಟು ಎಲ್ಲ ಗಾಡಿ ಹತ್ತಿದರೆಂದು ಫೋನಕ್ಕ ಕೂಗಿ ಹೇಳಿದಳು. ಅಜ್ಜಿಯ ಮನೆಗೆ ಎಲ್ಲರಿಗಿಂತ ಮೊದಲು ಗಾಡಿ ಹೊರಟಿತು.

ಅವಳು ದೊಡ್ಡಣ್ಣನ ಮೇಜಿನ ಪಕ್ಕ ಹೋಗಿ ನಿಂತಳು. "ದೊಡ್ಡಣ್ಣಾ..."

ಅವರು ಕನ್ನಡಕ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸಿದರು. "ಕಿವಿ ಮುಚ್ಚಿದೆ ಅಂತ ಬಾಯಿ ಬಡ್ಕೊಳ್ಳೋದೇ ಆ ಅಲಾರಾಮಿನ ಕೆಲಸ. ಅದರ ಬಾಯಿಗೆ ಬಟ್ಟೆ ತುರುಕಿದ್ರಿ. ಇರಲಿ. ಅವಸರದಲ್ಲಿ ಆಗುತ್ತೆ. ನಾನೂ ಮಾಡಿದೀನಿ ಇಂಥವು, ಇದಕ್ಕಿಂತ ದೊಡ್ಡವು."

ತುರುಕಿದ್ರಿ. ಸೇರಿದ ದಿನದಿಂದ ಅವರು ಅವಳಿಗೆ ಬಹುವಚನ ಹಾಕಿದ್ದಿಲ್ಲ.

"ಆದ್ರೆ ಮಳೆ ಎಲ್ಲಿ ಅಂತ ನಾನು ಕೇಳಿದೆನಲ್ಲ," ಅಂದರು. ದನಿ ಏರಿಸಲಿಲ್ಲ. "ಆವಾಗ ನಿಮಗೆ ಗೊತ್ತಿತ್ತಲ್ವಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಅದೊಂದು ಹೇಗೆ ಅಂತ ನಂಗೆ ಗೊತ್ತಾಗ್ತಿಲ್ಲ."

ಅವಳಿಗೂ ಗೊತ್ತಿರಲಿಲ್ಲ. ಕ್ಷಮಿಸಿ ಅನ್ನುವ ಮಾತು ಬಾಯಿಗೆ ಬಂತು. ಅದೂ ಒಂದು ಹೂಂ ಅನಿಸಿ ಒಳಗೇ ಉಳಿಯಿತು.

"ತಂಗೀ, ಬಾ ಇಲ್ಲಿ!" ಫೋನಕ್ಕ ಕರೆದಳು. "ಅಜ್ಜಿ ಫೋನ್ ಇಡಲ್ಲ ಅಂತಿದಾರೆ. ಸಿಲಿಂಡರ್ ಬರೋವರೆಗೂ ಯಾರಾದ್ರೂ ಲೈನಲ್ಲಿರಿ ಅಂತಾರೆ. ನಂಗೆ ಇನ್ನೂ ಹತ್ತು ಕರೆ ಕಾಯ್ತಿವೆ."

"ಅಕ್ಕಾ, ನಮ್ಮಮ್ಮ ಬಸ್ ಸ್ಟ್ಯಾಂಡಲ್ಲಿ..." ತಂಗಿ ಅಂದವಳೇ ನಿಲ್ಲಿಸಿದಳು. ಏನೆಂದು ಹೇಳುವುದು?

ದೊಡ್ಡಣ್ಣ ಎದ್ದು ಬೈಕಿನ ಕೀಲಿ ತೆಗೆದುಕೊಂಡರು. "ಯಾವ ಬಣ್ಣದ ಸೀರೆ?"

"ದೊಡ್ಡಣ್ಣ, ನೀವ್ಯಾಕೆ..."

"ಅವರಿಗೇನೂ ಗೊತ್ತಿಲ್ಲವಲ್ಲ, ಪಾಪ. ನೀವು ಆ ಫೋನ್ ಬಿಟ್ಟು ಏಳಬೇಡಿ."

ಸೀರೆಯ ಬಣ್ಣ ಅವಳಿಗೆ ಗೊತ್ತಿರಲಿಲ್ಲ. ಅಮ್ಮ ನಿನ್ನೆ ಅದನ್ನೂ ಹೇಳಿದ್ದಳೋ ಏನೋ. "ಎರಡು ಚೀಲ ಇದೆ," ಅಂದಳು. "ಜೋರಾಗಿ ಮಾತಾಡ್ತಿರ್ತಾರೆ. ಗೊತ್ತಾಗುತ್ತೆ."

ಅವರು ಮೆಟ್ಟಿಲಿಳಿದರು. ಅವಳು ಹೆಡ್‌ಫೋನ್ ಹಾಕಿಕೊಂಡು ಕೂತಳು. ಎರಡೂ ಬಟ್ಟಲು, ಎರಡೂ ಕಿವಿಗೆ.

"ಯಾರಮ್ಮಾ ಇದು? ಆಗ ಮಾತಾಡಿದೋಳಲ್ಲ ನೀನು."

"ಅಲ್ಲಮ್ಮ. ನಿಮ್ಮ ಆರ್ಡರ್ ಕಳೆದಿದ್ದು ನನ್ನ ಕೈಯಲ್ಲೇ."

ಆ ಕಡೆ ಅಜ್ಜಿಯ ಹಿಂದೆ ಯಾರದೋ ಉಸಿರು ಕೇಳುತ್ತಿತ್ತು, ಉದ್ದಕ್ಕೆ, ಕಷ್ಟಪಟ್ಟು, ಗರಗರ ಅನ್ನುವ ಉಸಿರು. "ಆಯ್ತು ಬಿಡು," ಅಂದರು ಅಜ್ಜಿ. "ಈಗ ಕೇಳಿಸ್ಕೋ. ಗಾಡಿಯೋನಿಗೆ ಹೇಳು, ಹಸಿರು ಗೇಟು. ಬೆಲ್ ಕೆಟ್ಟಿದೆ, ಒತ್ತಿ ಕಾಯ್ತಾ ನಿಂತ್ಕೊಂಡ್ರೆ ನಂಗೆ ಗೊತ್ತೇ ಆಗಲ್ಲ. ಬಾಗಿಲು ಬಡೀಬೇಕು. ಮೆಟ್ಟಿಲಲ್ಲಿ ಹೂಕುಂಡ ಇದೆ, ಎಡವಿಯಾನು. ಇವರಿಗೆ ಎತ್ತರದ ದಿಂಬು ಹಾಕಿದೀನಿ, ಕಿಟಕಿ ತೆಗೆದಿದೀನಿ. ಮಾತಾಡಬೇಡಿ ಅಂದ್ರೆ ಕೇಳಲ್ಲ, ಕೈಸನ್ನೆ ಮಾಡಿ ರೇಡಿಯೋ ಹಾಕು ಅಂತಾರೆ, ಈ ಹೊತ್ತಲ್ಲಿ ರೇಡಿಯೋ ಬೇಕಂತೆ ಮಹಾರಾಜರಿಗೆ... ಏನಮ್ಮಾ, ಹೂಂ ಅಂತಾನೂ ಅನ್ನಲ್ಲ. ಇದೀಯೋ ಇಲ್ವೋ?"

"ಇದೀನಮ್ಮ," ಅಂದಳು ತಂಗಿ. "ಹಸಿರು ಗೇಟು. ಬೆಲ್ ಕೆಟ್ಟಿದೆ, ಬಾಗಿಲು ಬಡೀಬೇಕು. ಮೆಟ್ಟಿಲಲ್ಲಿ ಹೂಕುಂಡ. ಯಜಮಾನರಿಗೆ ರೇಡಿಯೋ ಬೇಕಂತೆ."

"ಹಾಂ," ಅಂದರು ಅಜ್ಜಿ. ದನಿ ಸ್ವಲ್ಪ ಸಡಿಲವಾಯಿತು. "ಸರಿಯಾಗಿ ಕೇಳಿಸ್ಕೊಂಡಿದೀಯ."

ಅವಳು ಅಷ್ಟನ್ನೂ ಡ್ರೈವರಿಗೆ ಮೆಸೇಜ್ ಬರೆದಳು. ಸಾಲದೆ ಫೋನಕ್ಕನಿಂದ ಅವನಿಗೆ ಫೋನ್ ಮಾಡಿಸಿ, ಹೂಕುಂಡದ ಸಮೇತ ಅವನ ಬಾಯಿಂದ ಮರಳಿ ಹೇಳಿಸಿಕೊಂಡಳು. ಅಜ್ಜಿ ಮಾತಾಡುತ್ತಲೇ ಇದ್ದರು. ಮಾತು ನಿಲ್ಲಿಸಿದರೆ ಆ ಗರಗರ ಒಂದೇ ಕೇಳುತ್ತದೆ ಅಂತ ಅವರಿಗೂ ಭಯವಿದ್ದಿರಬೇಕು. ಮುಳ್ಳು ಈಗ ಕೆಂಪಿನ ತುದಿಗೆ ಬಂತು ಅಂದರು. ತಂಗಿ ಅದನ್ನು ಮರಳಿ ಹೇಳಲಾರದೆ ಹೋದಳು.

ಕೊನೆಗೆ ಧಬಧಬ ಬಾಗಿಲು ಬಡಿದ ಸದ್ದು ಬಂತು. ಅಜ್ಜಿ ಫೋನನ್ನು ಎಲ್ಲೋ ಇಟ್ಟು ಓಡಿದರು. ಕಬ್ಬಿಣ ನೆಲಕ್ಕೆ ತಗುಲಿದ ಸದ್ದು, ಡ್ರೈವರನ ದನಿ, "ಸರೀರಿ ಅಮ್ಮಾ, ನಾನು ತಿರುಗಿಸ್ತೀನಿ," ಆಮೇಲೆ ಸುಯ್ಯೆಂದು ಒಂದು ಸದ್ದು. ತಂಗಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಗರಗರ ನಿಧಾನವಾಗಿ ಇಳಿಯಿತು. ಪೂರ್ತಿ ಹೋಗಲಿಲ್ಲ, ಇಳಿಯಿತು. ಯಾರೋ ರೇಡಿಯೋ ಹಾಕಿದರು.

"ಆಯ್ತಲ್ಲ, ಕೊಡೇ ಇತ್ತ," ಎಂದು ಫೋನಕ್ಕ ಹೆಡ್‌ಫೋನಿಗೆ ಕೈ ಚಾಚಿದಳು.

"ಒಂದು ನಿಮಿಷ ಅಕ್ಕ. ಅವರಿನ್ನೂ ಇಟ್ಟಿಲ್ಲ."

ಮೆಟ್ಟಿಲಿನಿಂದ ಅಮ್ಮನ ದನಿ ಬರತೊಡಗಿತು, ಮೇಲಿನ ಮಹಡಿಗೂ ಕೇಳುವ ಹಾಗೆ. ಅಕ್ಕನ ಮನೆ, ಬಸ್ಸಿನ ಕಂಡಕ್ಟರು, ಎಲ್ಲವೂ ಮೊದಲಿನಿಂದ. "...ಬನ್ನಿನ ಜೊತೆ ನುಂಗೇಬಿಟ್ಟಿದೆ ಹಲ್ಲನ್ನ! ಅಳು ನೋಡ್ಬೇಕು ನೀವು!" ಹಿಂದೆಯೇ ಎರಡು ಚೀಲ ಹೊತ್ತ ದೊಡ್ಡಣ್ಣನ ಏದುಸಿರು.

"ಹೂಂ," ಅಂದರು ದೊಡ್ಡಣ್ಣ. ಮತ್ತೊಂದು ಮೆಟ್ಟಿಲು ಹತ್ತಿ ಕೇಳಿದರು, "ಯಾವ ಹಲ್ಲಮ್ಮ, ಮುಂದಿಂದಾ?"

ತಂಗಿ ಹೆಡ್‌ಫೋನ್ ತೆಗೆಯಲಿಲ್ಲ. ಬಾಗಿಲ ಕಡೆ ಮುಖ ಮಾಡಿ ಕೂತಳು.